ನಮ್ಮ ಲಾರಿ ನಿಂತ ಜಾಗಗಳು

ಹಳೇ ಲಾರಿ ಇಟ್ಟುಕೊಂಡವನಿಗೆ ಗಾಬರಿಯಾಗಲು ಬೇರೆ ಕಾರಣ ಬೇಕಿಲ್ಲ, ಬೆಳಿಗ್ಗೆ ಎದ್ದು ಕೀಲಿ ತಿರುಗಿಸಿದರೆ ಸಾಕು. ಸಾತನೂರು ಕಡೆಯ ರೈತರ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವುದು ನನ್ನ ಕಸುಬು. ನನ್ನ ಲಾರಿ ಹೊಗೆ ಬಿಟ್ಟಿದೆ, ಎಣ್ಣೆ ಸೋರಿದೆ, ಊರಿಗೆಲ್ಲ ಕೇಳುವಂತೆ ಕಿರುಚಿದೆ, ಆದರೆ ನಡುದಾರಿಯಲ್ಲಿ ಕೈಬಿಟ್ಟಿರಲಿಲ್ಲ. ಹೋದ ಮಾವಿನ ಕಾಲದಲ್ಲಿ ಅದಕ್ಕೂ ಚಾಳಿ ಹತ್ತಿತು. ಚೆನ್ನಾಗಿ ಓಡುತ್ತಿರುವಾಗಲೇ ಯಾರೋ ಕತ್ತು ಹಿಸುಕಿದ ಹಾಗೆ ಕೆಮ್ಮಿ, ನಿಂತುಬಿಡುವುದು. ಒಂದು ದಿನ ನಿಂತರೆ ನಾಲ್ಕು ದಿನ ನೆಟ್ಟಗಿರುವುದು. ಮತ್ತೆ ನಿಲ್ಲುವಾಗ ಮಾತ್ರ, ದೇವರೇ ಇಲ್ಲಿ ನಿಲ್ಲದಿರಲಿ ಅಂತ ನಾನು ಎಲ್ಲಿ ಬೇಡಿಕೊಂಡಿರುತ್ತೇನೋ ಸರಿಯಾಗಿ ಅಲ್ಲೇ.

ಗೌಡರ ಕೈಗುಣ

ಮೊದಲ ಸಲ ನಿಂತಿದ್ದು ಸಾತನೂರಿನಿಂದ ಚನ್ನಪಟ್ಟಣಕ್ಕೆ ಬರುವ ರಸ್ತೆಯ ಒಂದು ಏರಿನಲ್ಲಿ. ಹಿಂದೆ ಗೂಡಿನ ಚೀಲಗಳು, ಪಕ್ಕದಲ್ಲಿ ಗೂಡಿನ ಯಜಮಾನರಾದ ಗೌಡರು. ಅವರು ನನ್ನ ದೊಡ್ಡ ಗಿರಾಕಿ. ಅವರು ಯಾರ ಲಾರಿಗೆ ಗೂಡು ಹಾಕುತ್ತಾರೋ ಊರವರೆಲ್ಲ ಅದೇ ಲಾರಿಗೆ ಹಾಕುತ್ತಾರೆ. ಅವರು ಕೈಬಿಟ್ಟರೆ ನನ್ನ ಲಾರಿ ಗುಜರಿಗೆ, ನಾನು ಮನೆಗೆ.

ಇಂಜಿನ್ ನಿಂತಿದ್ದೇ ತಡ ಲಾರಿ ಹಿಂದಕ್ಕೆ ಜಾರತೊಡಗಿತು. ನಾನು ಬ್ರೇಕಿನ ಮೇಲೆ ಎದ್ದು ನಿಂತೆ. ಪಕ್ಕಕ್ಕೆ ತಿರುಗಿ ನೋಡಿದರೆ ಗೌಡರಿಲ್ಲ. ಆಗಲೇ ಕೆಳಗೆ ಹಾರಿ, ಬೇಲಿ ಪಕ್ಕದಲ್ಲಿ ಪಂಚೆ ಕೊಡವಿಕೊಳ್ಳುತ್ತಿದ್ದರು.

"ಡೀಸೆಲ್ ಐತೇನ್ಲಾ?" ಅಂದರು.

ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದೆ. ಆ ಮುಚ್ಚಳದ ಬಗ್ಗೆ ಒಂದು ಮಾತು ಹೇಳಬೇಕು. ಹಳೆಯದು ಎಲ್ಲೋ ಬಿದ್ದುಹೋಗಿ, ಟ್ಯಾಂಕಿನ ಬಾಯಿಗೆ ಹಳೇ ಬಟ್ಟೆ ತುರುಕಿಕೊಂಡು ತಿರುಗುತ್ತಿದ್ದೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ನನ್ನ ಸ್ನೇಹಿತರು, ನಾನು ಭಾಯ್ ಅನ್ನುತ್ತೇನೆ, ಅದನ್ನು ನೋಡಿ ನೊಂದುಕೊಂಡರು. ಮಗುವಿನ ಬಾಯಿಗೆ ಬಟ್ಟೆ ತುರುಕಿದ್ದೇನೋ ಅನ್ನುವ ಹಾಗೆ ನನ್ನನ್ನು ಬೈದು, ತಮ್ಮ ಯಂತ್ರದಲ್ಲೇ, ಗೊಂಬೆಗೆ ಬಳಸುವ ಆಲೆಮರದಲ್ಲೇ ಮುಚ್ಚಳ ಕಡೆದು, ಕೆಂಪು ಹಳದಿ ಅರಗು ಮೆತ್ತಿ, ಮುಖ ಕಾಣುವ ಹಾಗೆ ಹೊಳಪು ಕೊಟ್ಟು ಹಾಕಿಕೊಟ್ಟಿದ್ದರು. ಅಷ್ಟು ಬಿಗಿಯಾಗಿ ಕೂರುತ್ತಿತ್ತು ಅಂದರೆ, ತಿರುಚಿ ತೆಗೆಯುವಾಗ 'ಉಸ್ಸ್' ಅನ್ನುತ್ತಿತ್ತು. ಕೈಕೆಲಸ ಅಂದರೆ ಇದು ಅಂತ ನಾನು ಎಲ್ಲರಿಗೂ ತೋರಿಸುತ್ತಿದ್ದೆ.

ಕಡ್ಡಿ ಇಳಿಬಿಟ್ಟು ನೋಡಿದೆ, ಡೀಸೆಲ್ ಬೇಕಾದಷ್ಟಿತ್ತು. ಮುಚ್ಚಳ ಹಾಕಿ ಬರುವಷ್ಟರಲ್ಲಿ ಗೌಡರು ಬಾನೆಟ್ ಮೇಲೆ ಕೈಯಿಟ್ಟು ಏನೋ ಗೊಣಗುತ್ತಿದ್ದರು. ಕೀಲಿ ತಿರುಗಿಸಿದೆ. ಒಸಿ ಮುನಿಸಿಕೊಂಡ ಹಾಗೆ ಮಾಡಿ, ಇಂಜಿನ್ ಹಿಡಿದೇಬಿಟ್ಟಿತು.

"ನೋಡ್ದಾ? ನನ್ ಕೈಗುಣ ಹಂಗೈತೆ ಕಣ್ಲಾ," ಅಂದರು ಗೌಡರು.

ಮುಂದಿನ ವಾರ ಊರಿನ ಇಬ್ಬರು, ಕೆಟ್ಟುನಿಂತ ತಮ್ಮ ಪಂಪ್‌ಸೆಟ್ಟನ್ನು ಮುಟ್ಟಿಸಲು ಗೌಡರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದರಂತೆ.

ಮೀಸೆ

ಕೈಗುಣವನ್ನು ನಂಬಿ ಎಷ್ಟು ದಿನ ಗಾಡಿ ಓಡಿಸುವುದು? ರಾಮನಗರದಲ್ಲಿ ನನ್ನ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವನ ಕೆಲಸಕ್ಕಿಂತ ಅವನ ಮೀಸೆ ಪ್ರಸಿದ್ಧ. ಗ್ರೀಸ್ ಕೈಯಲ್ಲೇ ಅದನ್ನು ಹುರಿ ಮಾಡುತ್ತಾ ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪುಗಳನ್ನು ಊದಿದ, ಪಂಪ್ ಬಿಚ್ಚಿ ತೊಳೆದ, ಗಾಳಿ ತೆಗೆದ.

"ಇನ್ ಮ್ಯಾಕೆ ಇದು ನಿಂತ್ರೆ ಈ ಮೀಸೆ ಬೋಳಿಸ್ಕೋತೀನಿ ಕಣಣ್ಣ," ಅಂದ.

ಡೀಸೆಲ್ ತುಂಬಿಸಿಕೊಂಡು ಇಬ್ಬರೂ ಪರೀಕ್ಷೆಗೆ ಹೊರಟೆವು. ಅವನೇ ಸ್ಟೀರಿಂಗ್ ಹಿಡಿದ. ಮಾಗಡಿಯವರೆಗೆ ಲಾರಿ ಹೊಸ ಅಳಿಯನ ಹಾಗೆ ಅಷ್ಟು ವಿನಯವಾಗಿ ಓಡಿತು. ಅವನಿಗೆ ಹುರುಪು ಬಂದು, ಬಾ ಕುದೂರಿನವರೆಗೂ ಹೋಗೋಣ ಅಂದ. ಕುದೂರಿನ ಅಂಗಡಿ ಸಾಲಿನ ನಡುವೆ ಲಾರಿ ಕೆಮ್ಮಿತು. ನಿಂತಿತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಎಡಕ್ಕೆ ತಿರುಗಿದೆ. ಲಾರಿ ನಿಂತಿದ್ದು ಕ್ಷೌರದಂಗಡಿಯ ಬಾಗಿಲಲ್ಲಿ. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಂಗಡಿಯವನೇ ಆಚೆ ಬಂದು, "ಬನ್ನಿ ಸಾರ್, ಖಾಲಿ ಐತೆ," ಅಂದ.

ಮೆಕ್ಯಾನಿಕ್ ಮಾತಿಗೆ ತಪ್ಪುವವನಲ್ಲ. ತಲೆ ತಗ್ಗಿಸಿಕೊಂಡು ಒಳಗೆ ಹೋದ. ಸುಮ್ಮನೆ ಕೂರಲಾಗದೆ ನಾನು ಮುಚ್ಚಳ ತೆಗೆದು ಡೀಸೆಲ್ ನೋಡಿದೆ, ಹಾಕಿದೆ, ಹತ್ತಿ ಕೀಲಿ ತಿರುಗಿಸಿದೆ. ಇಂಜಿನ್ ಭರ್ ಅಂತ ಹಿಡಿಯಿತು. ಸದ್ದು ಕೇಳಿ ಅವನು ಆಚೆ ಓಡಿಬಂದ. ಬೋಳು ತುಟಿಯ ಆ ಮುಖವನ್ನು ನಾನು ಮೊದಲ ಸಲ ನೋಡುತ್ತಿದ್ದೆ, ಗುರುತೇ ಸಿಗಲಿಲ್ಲ.

"ಅಲ್ಲ ಕಣಣ್ಣ," ಅಂದ, "ಅರ್ಧ ಮೀಸೆ ಇದ್ದಾಗ್ಲಾದ್ರೂ ಸ್ಟಾರ್ಟ್ ಮಾಡಾಕಾಯ್ತಿರ್ನಿಲ್ವಾ?"

ದೃಷ್ಟಿ

ನನ್ನ ಹೆಂಡತಿ ಇದೆಲ್ಲ ದೃಷ್ಟಿ ಅಂದಳು. ಬೂದುಗುಂಬಳಕಾಯಿ ನಿವಾಳಿಸಿ ಚಕ್ರದ ಮುಂದೆ ಒಡೆದಳು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಗುಣ ಕಂಡಿತೋ ಇಲ್ಲವೋ ನೋಡಲು ತಾನೇ ಹತ್ತಿ ಕೂತಳು, ದೊಡ್ಡಆಲಹಳ್ಳಿಯ ತವರುಮನೆಗೆ ಹೋಗಿಬರೋಣ ಅಂತ.

ಊರಿನ ಹತ್ತಿರ ರಸ್ತೆ ಕಿರಿದು, ಎರಡೂ ಕಡೆ ಹಳ್ಳ. ಎದುರಿನಿಂದ ತಮಟೆ ಬಡಿದುಕೊಂಡು ಹೆಣ ಹೊತ್ತವರು ಬಂದರು. ಹಿಂದಕ್ಕೆ ಹೋಗೋಣ ಅಂತ ಗೇರಿಗೆ ಕೈ ಹಾಕಿದೆ. ಆಗಲೇ ಇಂಜಿನ್ ನಿಂತಿತು. ಮುಂದೆ ಬರುತ್ತಿದ್ದ ಹಿರಿಯರೊಬ್ಬರು ನನಗೆ ಕೈಮುಗಿದು, "ಸತ್ತೋರ್ಗೆ ಮರ್ವಾದೆ ಕೊಟ್ಟು ಇಂಜಿನ್ ಆಫ್ ಮಾಡವ್ನೆ, ಇಂತೋರು ಎಲ್ಲವ್ರೆ ಈಗ," ಅಂದರು.

ಇಳಿದು, ಸ್ವಾಮಿ ಇದು ಮರ್ಯಾದೆಯಲ್ಲ, ಲಾರಿ ಕೆಟ್ಟಿದೆ ಅಂದೆ. ತಮಟೆ ನಿಂತಿತು. ಹಳ್ಳಕ್ಕೆ ಇಳಿಸದೆ ಚಟ್ಟ ದಾಟಿಸಲು ಜಾಗವಿರಲಿಲ್ಲ. ಕೊನೆಗೆ ಚಟ್ಟವನ್ನು ಹೊಂಗೆ ಮರದ ನೆರಳಿಗೆ ಇಳಿಸಿದರು. ಬೆಂಕಿ ಮಡಕೆ ಹಿಡಿದಿದ್ದ ಮಗನೂ ಅದನ್ನು ಪಕ್ಕಕ್ಕಿಟ್ಟು, ಒದ್ದೆ ಪಂಚೆ ಎತ್ತಿ ಕಟ್ಟಿ ಲಾರಿ ತಳ್ಳಲು ಬಂದ. ಆ ತಬ್ಬಲಿ ಹುಡುಗ ಬಾನೆಟ್ಟಿಗೆ ಭುಜ ಕೊಟ್ಟಿದ್ದು ನೋಡಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಲ್ಲರೂ ಸೇರಿ ಒಂದಷ್ಟು ದೂರ ಹಿಂದಕ್ಕೆ ತಳ್ಳಿದರೂ ಇಂಜಿನ್ ಜಪ್ಪಯ್ಯ ಅನ್ನಲಿಲ್ಲ. ಅದೇ ಹಿರಿಯರು, "ಡೀಸೆಲ್ ನೋಡ್ದೇನಪ್ಪ?" ಅಂದರು. ಮುಚ್ಚಳ ತೆಗೆದು ನೋಡಿ ಹಾಕಿದೆ. ತಕ್ಷಣ ಹಿಡಿಯಿತು.

ಹೆಂಡತಿ ಅಷ್ಟು ಹೊತ್ತೂ ಸೀಟಿನ ಕೆಳಗೆ ಅವಿತಿದ್ದಳು.

"ನಾನ್ ಇನ್ನು ಈ ಊರಿಗೆ ಬರೋದು ಸತ್ತ್ ಮ್ಯಾಲೇಯ," ಅಂದಳು. "ಆಗ್ಲೂವೆ ನೀವು ಅಡ್ಡ ನಿಂತಿರ್ತೀರಿ."

ಅರಗಿನ ಕೆಲಸ

ಅದಾದ ಮೇಲೆ ಒಂದು ದಿನ ಲಾರಿ ದಾರಿಯಲ್ಲಿ ನಿಂತು, ಬೆಳಿಗ್ಗೆಯೇ ಡೀಸೆಲ್ ತುಂಬಿಸಿದ್ದರಿಂದ ಟ್ಯಾಂಕ್ ನೋಡದೆ ಪೈಪು ಬಿಚ್ಚುತ್ತಾ ಕೂತು, ಹರಾಜು ಮುಗಿದ ಮೇಲೆ ನಾನೂ ಗೌಡರೂ ಮಾರುಕಟ್ಟೆ ಮುಟ್ಟಿದೆವು. ಬಿಸಿಲಿಗೆ ಚೀಲದಲ್ಲೇ ಬೆಂದ ಗೂಡನ್ನು ಗೌಡರು ಬಾಚಿ ನನ್ನ ಮೂಗಿಗೆ ಹಿಡಿದರು. ಮುಂದಿನ ಬೆಳೆಗೆ ಗೂಡು ಬೇರೆಯವನ ಲಾರಿಗೆ ಹೋಯಿತು. ನಾನು ಗುಜರಿಯವನಿಗೆ ಫೋನ್ ಮಾಡಿ, ಬಂದು ನೋಡಿಕೊಂಡು ಹೋಗು ಅಂದೆ.

ಕೊನೆಯ ಬಾಡಿಗೆ ಅಂತ ಭಾಯ್‌ಗೆ ಸಾತನೂರಿನಿಂದ ಆಲೆಮರ ತುಂಬಿಸಿಕೊಂಡು ಹೊರಟೆ. ಭಾಯ್ ಪಕ್ಕದಲ್ಲೇ ಕೂತಿದ್ದರು. ನಡುದಾರಿಯಲ್ಲಿ ಕೆಮ್ಮಿ ನಿಂತಿತು. "ಬಿಡಿ, ನಾನು ನೋಡ್ತೀನಿ ಡೀಸೆಲ್ಲು," ಅಂತ ಭಾಯ್ ಇಳಿದು ತಮ್ಮ ಮುಚ್ಚಳಕ್ಕೆ ತಾವೇ ಕೈ ಹಾಕಿದರು. ಸುತ್ತ ಒಂದು ನರಪಿಳ್ಳೆ ಇಲ್ಲ, ಗಾಡಿ ಇಲ್ಲ. ಉಸ್ಸ್ ಅಂತ ಟ್ಯಾಂಕು ಗಾಳಿ ಎಳೆದುಕೊಂಡಿತು. ಎಳೆಯಿತು, ಇನ್ನೂ ಎಳೆಯಿತು. ಒಳಗೆ ತಗಡು ಡಬ್ ಅಂತ ಉಬ್ಬಿದ ಸದ್ದು ಬಂತು.

ಆಗ ನನಗೆ ಹೊಳೆಯಿತು. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಹೋಗಬೇಕು, ಅದಕ್ಕೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಗಾಳಿಯಿಲ್ಲದೆ ಇಂಜಿನ್ನಿಗೆ ಡೀಸೆಲ್ ಎಳೆಯಲು ಆಗುತ್ತಿರಲಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಸರಿಹೋಗುತ್ತಿತ್ತು. ಗೌಡರ ಕೈಗುಣವೂ ಇಲ್ಲ, ಯಾರ ದೃಷ್ಟಿಯೂ ಇಲ್ಲ.

"ಭಾಯ್, ಇದರಲ್ಲಿ ತೂತೇ ಇಲ್ವಲ್ಲ?" ಅಂದೆ.

ಭಾಯ್ ಮುಖ ಕೆಂಪಾಯಿತು. "ನಾನು ಮಾಡಿದ ಸಾಮಾನಲ್ಲಿ ತೂತಾ? ನಮ್ಮಪ್ಪನ ಕಾಲದಿಂದ ಒಬ್ಬರೂ ಹಂಗೆ ಹೇಳಿಲ್ಲ," ಅಂದರು. ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ಮುಚ್ಚಳವನ್ನು ಸಡಿಲವಾಗಿ ಇಟ್ಟುಕೊಂಡು ಹೊರಟೆವು. ಎಲ್ಲೂ ಕೆಮ್ಮಲಿಲ್ಲ.

ಸ್ವಲ್ಪ ದೂರ ಹೋದರೆ ರಸ್ತೆ ಪಕ್ಕ ಇನ್ನೊಂದು ಲಾರಿ ನಿಂತಿತ್ತು. ಮೇಲೆ ಗೌಡರ ಗೂಡು, ಕೆಳಗೆ ತಲೆ ಹಿಡಿದುಕೊಂಡು ಗೌಡರು. ನನ್ನ ಮೆಕ್ಯಾನಿಕ್ ಪಂಪು, ಪೈಪು ಎಲ್ಲ ಬಿಚ್ಚಿ ಗೋಣಿತಾಟಿನ ಮೇಲೆ ಹರಡಿದ್ದ. "ಇದ್ಕೂ ನಿನ್ ಲಾರಿ ಕಾಯ್ಲೇನೇ ಕಣಣ್ಣ, ಅಂಟುರೋಗ ಇರ್ಬೇಕು," ಅಂದ. ನಾನು ನೇರವಾಗಿ ಅದರ ಡೀಸೆಲ್ ಟ್ಯಾಂಕಿನ ಕಡೆ ಹೋದೆ. ನೀಲಿ ಹಸಿರು ಅರಗಿನ, ಮುಖ ಕಾಣುವ ಹಾಗೆ ಹೊಳೆಯುವ ಮುಚ್ಚಳ.

"ಈ ಲಾರಿಯವರು ನಿಮ್ದು ನೋಡಿ ಆಸೆ ಪಟ್ಟರು," ಅಂದರು ಭಾಯ್, ನೆಲ ನೋಡುತ್ತಾ.

ಗೌಡರಿಗೆ ಎಲ್ಲ ಹೇಳಿದೆ. ಅವರು ನಂಬಲಾಗದೆ ಎರಡೂ ಮುಚ್ಚಳಗಳನ್ನು ತಿರುಗಿಸಿ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿ, "ಇನ್ ಮ್ಯಾಕೆ ನನ್ ಗೂಡು ನಿನ್ ಲಾರಿಗೇ ಕಣ್ಲಾ," ಅಂದರು. ಆಲೆಮರವನ್ನು ಆ ಲಾರಿಯ ಪಕ್ಕ ಇಳಿಸಿ, ಗೂಡಿನ ಚೀಲ ಏರಿಸಿ, ಗುಜರಿಯವನಿಗೆ ಬರಬೇಡ ಅಂತ ಫೋನ್ ಮಾಡಿದೆ. ಗೌಡರು ನಗುತ್ತಾ ಹತ್ತಿ ಕೂತರು.

"ಅಲ್ಲ ಸಾಬ್ರೇ, ಇಂತಾವು ಇನ್ನೆಷ್ಟ್ ಮಾಡಿದ್ದೀರಿ?"

"ಇನ್ನೊಂದೇ," ಅಂದರು ಭಾಯ್. "ಟ್ರ್ಯಾಕ್ಟರ್‌ಗೆ. ನಿಮ್ಮ ಮಗನೇ ಮೊನ್ನೆ ಬಂದು ಮಾಡಿಸ್ಕೊಂಡು ಹೋದ್ರು. ಅಪ್ಪನಿಗೆ ಹೇಳ್ಬೇಡಿ, ನೋಡಿ ಖುಷಿ ಪಡ್ಲಿ ಅಂದ್ರು."

ಗೌಡರ ನಗು ಅಲ್ಲೇ ನಿಂತಿತು. ಮಗನಿಗೆ ಫೋನ್ ಹಚ್ಚಿ, ಟ್ರ್ಯಾಕ್ಟರ್ ಎಲ್ಲೈತ್ಲಾ ಅಂದರು. ಕೇಳುತ್ತಾ ಕೇಳುತ್ತಾ ಅವರ ಬಾಯಿ ತೆರೆದೇ ಉಳಿಯಿತು.

"ಕೆರೆ ಏರಿ ಮ್ಯಾಲೆ ನಿಂತೈತಂತೆ," ಅಂದರು ಫೋನ್ ಇಳಿಸಿ. "ನಾನು ಬಂದು ಕೈ ಇಕ್ಕಿದ್ರೆ ಸರೋಯ್ತದೆ ಅಂತ, ಊರೋರೆಲ್ಲ ಕಾಯ್ತಾ ಕುಂತವ್ರಂತೆ."