ಈ ನಾಯಿ ಸಾಕು

ದಿಲ್ಲಿಯ ನಮ್ಮ ಕಿದ್ವಾಯಿ ನಗರದಲ್ಲಿ ಯಾರಾದರೂ ರಿಟೈರ್ ಆಗುತ್ತಾರೆಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಸರ್ಕಾರಿ ಕ್ವಾರ್ಟರ್ಸ್ ಬಿಡುವಾಗ ಫ್ಯಾನು ಎಷ್ಟು, ನಲ್ಲಿ ಎಷ್ಟು ಎಂದು ಪಟ್ಟಿ ನೋಡಿ ಇಲಾಖೆಗೆ ಒಪ್ಪಿಸುತ್ತಾರೆ. ಪಟ್ಟಿಯಲ್ಲಿ ನಾಯಿ ಇರುವುದಿಲ್ಲ, ಅದನ್ನು ನನಗೆ ಒಪ್ಪಿಸುತ್ತಾರೆ. ಹೀಗೆ ಬಂದ ಏಳು ಮುದಿ ನಾಯಿಗಳಿಗೆ ನಾನು ಮನೆ ಹುಡುಕಿ ಕೊಟ್ಟಿದ್ದೆ. ಎಂಟನೆಯದು ಮಾತ್ರ ನನ್ನ ಕೈ ಮೀರಿತು.

ಹನ್ನೆರಡು ವರ್ಷದ ಪುಟ್ಟ

ಮೇಲಿನ ಮನೆಯ ಅಂಡರ್ ಸೆಕ್ರೆಟರಿ ಸಾಹೇಬರು ರಿಟೈರ್ ಆಗಿ ಮೈಸೂರಿಗೆ ಹೊರಟರು. ಅವರ ನಾಯಿಯ ಹೆಸರು ಪುಟ್ಟ. ಪುಟ್ಟನಿಗೆ ಹನ್ನೆರಡು ವರ್ಷ, ಮೂತಿ ಪೂರ್ತಿ ನರೆತಿತ್ತು, ಹಿಂಗಾಲು ಕುಂಟು. ಮಾಡುತ್ತಿದ್ದ ಕೆಲಸ ಒಂದೇ. ಬೆಳಿಗ್ಗೆ ಸಾಹೇಬರು "ಬಸ್!" ಎಂದ ಕೂಡಲೇ ಎದ್ದು, ಆಫೀಸಿನ ಚಾರ್ಟರ್ಡ್ ಬಸ್ಸಿನ ತನಕ ಅವರನ್ನು ಬಿಟ್ಟು ಬರುವುದು, ಸಂಜೆ ಆರಕ್ಕೆ ಹೋಗಿ ಕರೆತರುವುದು.

"ಎರಡು ದಿನದ ರೈಲು ಇವನು ತಡೆಯಲ್ಲಮ್ಮ, ಡಾಕ್ಟ್ರೇ ಬೇಡ ಅಂದ್ರು" ಎಂದು ಸಾಹೇಬರು ಕಣ್ಣೊರೆಸಿಕೊಳ್ಳುತ್ತಾ ಬೆಲ್ಟು ನನ್ನ ಕೈಗಿತ್ತರು.

ನಮ್ಮವರು ಸೆಕ್ಷನ್ ಆಫೀಸರ್, ನಿಯಮದ ಮನುಷ್ಯ. "ದೀಪಾವಳಿ ತನಕ ಟೈಮು. ಆಮೇಲೆ ಶೆಲ್ಟರ್‌ಗೆ" ಎಂದರು. ಶೆಲ್ಟರಿನದು ಸಿಮೆಂಟು ನೆಲ. ದಿಲ್ಲಿಯ ಚಳಿಯಲ್ಲಿ ಪುಟ್ಟ ಅಲ್ಲಿ ಒಂದು ತಿಂಗಳೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಯಾವ ವರ್ಷದ ದೀಪಾವಳಿ?" ಎಂದೆ.

"ಅಂದ್ರೆ?"

"ಆದೇಶಕ್ಕೆ ಎರಡರ್ಥ ಬಂದ್ರೆ ನೌಕರನಿಗೆ ಅನುಕೂಲವಾದ್ದನ್ನೇ ತಗೋಬೇಕು ಅಂತ ನೀವೇ ಹೇಳ್ತೀರಲ್ಲ!" ಅದೇ ಮಾತು ಹೇಳಿ ಅವರು ಆಫೀಸಿನಲ್ಲಿ ಮೂರು ದಿನದ ರಜೆ ಗೆದ್ದುಕೊಂಡು ಬಂದಿದ್ದರು.

ಅಂದಿನಿಂದ ನಮ್ಮವರು ಬಾಯಿಮಾತು ಬಿಟ್ಟರು. ನನಗೆ ಬರುವ ಆದೇಶವೆಲ್ಲ ಲಿಖಿತವಾಗಿ ಫ್ರಿಜ್ಜಿನ ಬಾಗಿಲ ಮೇಲೆ ಬರತೊಡಗಿತು.

ಹಿರಿಯರಿಗೆ ಏಕವಚನ

ಕನ್ನಡ ಸಂಘದ ಬೋರ್ಡಿಗೆ ಒಂದು ಚೀಟಿ ಅಂಟಿಸಿದೆ. 'ನಾಯಿಗೊಂದು ಮನೆ ಬೇಕು' ಎಂಬ ಮೊದಲ ಸಾಲಿನ ಮೇಲೆ ಯಾರೋ ಚಕ್ಕುಲಿ ಮಾರಾಟದ ಚೀಟಿ ಅಂಟಿಸಿಬಿಟ್ಟರು. ಕೆಳಗೆ ಉಳಿದದ್ದು ಇಷ್ಟು: 'ಹಿರಿಯ. ಸಾಧು ಸ್ವಭಾವ. ಮೊಸರನ್ನ ಇಷ್ಟ. ಹಲ್ಲು ಕಡಿಮೆ. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ.'

ಒಬ್ಬ ಮಹನೀಯರು ಫೋನ್ ಮಾಡಿದರು. "ನಮ್ಮ ಮಕ್ಕಳಿಗೆ ಕನ್ನಡ ಬರಲ್ಲಮ್ಮ, ಮನೇಲಿ ಇಂಥ ಹಿರಿಯರೊಬ್ಬರು ಬೇಕಿತ್ತು. ಪಾಠ ಹೇಳಿಕೊಡ್ತಾರಾ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. "ಪಾಠ ಎಲ್ಲಿಂದ ಬರಬೇಕು! ಮಕ್ಕಳು ಓದುವಾಗ ಪಕ್ಕದಲ್ಲಿ ಕೂತಿರ್ತಾನೆ."

"ಏನಮ್ಮ, ವಯಸ್ಸಾದವರಿಗೆ ಏಕವಚನವಾ? ಹೋಗಲಿ, ರಾತ್ರಿ ಎಲ್ಲಿ ಮಲಗ್ತಾರೆ?"

"ಎಲ್ಲಾದರೂ ಸರಿ. ಇಲ್ಲಿ ಕಾಲೊರೆಸೋ ಮ್ಯಾಟ್ ಮೇಲೆ ಮಲಗ್ತಾನೆ."

ಆ ಮಹನೀಯರು "ನಿಮಗೆ ಮನುಷ್ಯತ್ವ ಇದೆಯೇನ್ರೀ?" ಎಂದು ಫೋನ್ ಕುಕ್ಕಿದರು.

ಮಯೂರ್ ವಿಹಾರದ ಒಂಟೆ

ಮಯೂರ್ ವಿಹಾರದ ಪಂಜಾಬಿ ಆಂಟಿಯೊಬ್ಬರು ಪುಟ್ಟನನ್ನು ಕರೆದೊಯ್ದರು. ಮೂರನೇ ದಿನಕ್ಕೆ ಫೋನು. "ಬೇಟಾ, ಯೇ ತೋ ಸುನ್ತಾ ಹೀ ನಹೀಂ!" ಹೇಳಿದ್ದು ಕೇಳುವುದೇ ಇಲ್ಲವಂತೆ. ಪುಟ್ಟನ ಕಿವಿ ಚೆನ್ನಾಗಿಯೇ ಇತ್ತು, ಹಿಂದಿ ಬರುತ್ತಿರಲಿಲ್ಲ ಅಷ್ಟೆ. ಬಾ, ಕೂತ್ಕೋ, ಊಟ ಎಂದು ಮೂರು ಪದ ಬರೆಸಿದೆ.

ಹತ್ತನೇ ದಿನ ಆಂಟಿ ಪುಟ್ಟನನ್ನು ಆಟೋದಲ್ಲಿ ಕೂರಿಸಿಕೊಂಡು ನಮ್ಮ ಬಾಗಿಲಿಗೇ ಬಂದರು, ಕಣ್ಣಲ್ಲಿ ನೀರು. ಸಂಜೆ ಆರಾದರೆ ಅವನು ಗೇಟಿನ ಹತ್ತಿರ ಹೋಗಿ ಬರುವ ಬಸ್ಸುಗಳನ್ನೆಲ್ಲ ನೋಡುತ್ತಾ ಕೂರುತ್ತಾನಂತೆ, ಕತ್ತಲಾದರೂ ಏಳುವುದಿಲ್ಲವಂತೆ. ತನಗೆ ಅದನ್ನು ನೋಡಲಾಗುವುದಿಲ್ಲ ಎಂದರು. ನನಗೂ ಅಳು ಬಂತು.

ಹೊರಡುವಾಗ ಆಂಟಿ ಮೂಗೊರೆಸಿಕೊಂಡು, ಹೇಗೂ ಸೊಸೈಟಿಯಿಂದ ನೋಟೀಸು ಬಂದಿತ್ತು ಎಂದರು. ಇವರು ದಿನಾ ಬಾಲ್ಕನಿಯಿಂದ "ಊಟ! ಊಟ!" ಎಂದು ಕೂಗುವುದು ಅಕ್ಕಪಕ್ಕದವರಿಗೆಲ್ಲ ಹಿಂದಿಯ 'ಊಂಟ್' ಎಂದು ಕೇಳಿಸಿತ್ತು. ಫ್ಲ್ಯಾಟಿನಲ್ಲಿ ಒಂಟೆ ಇಡುವಂತಿಲ್ಲ ಎಂದು ನೋಟೀಸು.

ಜೇಬಿನಲ್ಲಿ ಸಿಕ್ಕಿದ್ದು

ಮರುದಿನದಿಂದಲೇ ಪುಟ್ಟ ನಮ್ಮ ಬಸ್‌ಸ್ಟಾಪಿನಲ್ಲಿ ಹಾಜರು. ಸಾಹೇಬರು ಇಳಿಯುತ್ತಿದ್ದ ಅದೇ ಬಸ್ಸಿನಿಂದ ನಮ್ಮವರೂ ಇಳಿಯುತ್ತಿದ್ದರು. "ಅದು ನನ್ನ ಹಿಂದೆ ಬರುತ್ತೆ, ನಾನೇನು ಮಾಡ್ಲಿ" ಎಂದು ಗೊಣಗುತ್ತಿದ್ದರು, ಆದರೆ ಪುಟ್ಟನ ಕುಂಟುಗಾಲಿಗೆ ಹೊಂದುವಷ್ಟು ನಿಧಾನವಾಗಿ ಮನೆಗೆ ಬರುತ್ತಿದ್ದರು.

ಒಂದು ದಿನ ಅವರ ಪ್ಯಾಂಟು ಒಗೆಯಲು ಹಾಕುವಾಗ ಜೇಬಿನಲ್ಲಿ ಬಿಸ್ಕತ್ತು ಸಿಕ್ಕಿತು. "ಆಫೀಸಲ್ಲಿ ಚಹಾದ ಜೊತೆ ಕೊಡ್ತಾರೆ" ಎಂದರು. ಬಿಸ್ಕತ್ತು ಮೂಳೆಯ ಆಕಾರದಲ್ಲಿತ್ತು.

ಪಿಎಚ್.ಡಿ. ಮುಗಿಯುವ ತನಕ

ದೀಪಾವಳಿಗೆ ಒಂದು ವಾರ ಇತ್ತು. ಮುನಿರ್ಕಾದಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡದ ಸಂಶೋಧಕ ಹುಡುಗನೊಬ್ಬ ಪುಟ್ಟನನ್ನು ನೋಡಲು ಬಂದ. "ಅಕ್ಕಾರ, ನನ್ನ ಪಿಎಚ್.ಡಿ. ಮುಗಿಯೂತನಕ ಇರತಾನೇನ್ರಿ ಇಂವಾ?"

"ಶುರು ಮಾಡಿ ಎಷ್ಟು ವರ್ಷ ಆಯ್ತಪ್ಪ?"

"ಒಂಬತ್ತು."

"ಹಾಗಾದ್ರೆ ಯಾವ ನಾಯೀನೂ ಇರಲ್ಲ."

ಹುಡುಗ ನಕ್ಕ. ಅವನ ರೂಮು ನಾಲ್ಕನೇ ಮಹಡಿಯಲ್ಲಿತ್ತು, ಪುಟ್ಟನ ಕಾಲಿಗೆ ಆಗದು. ಆದರೆ ಅವನ ಗೈಡ್ ಕನ್ನಡದವರು, ಕ್ಯಾಂಪಸ್ಸಿನಲ್ಲಿ ನೆಲಮಹಡಿಯ ಮನೆ, ಮುಂದೆ ತೋಟ. ಆ ಮೇಡಂ ಫೋನ್ ಮಾಡಿ ನಾಳೆ ನಾಲ್ಕಕ್ಕೆ ಬಂದು ಕರೆದೊಯ್ಯುತ್ತೇನೆ ಎಂದರು. ಆ ಹೊತ್ತಿಗೆ ಸ್ಕೂಲಿನಿಂದ ಬಂದಿರುವ ಮಗಳಿಗೆ ಪುಟ್ಟನನ್ನು ಕಳಿಸಿಕೊಡಲು ಹೇಳಿದೆ. ಮೇಡಂ ಭಾಷಾಶಾಸ್ತ್ರದ ಪ್ರೊಫೆಸರ್, ಈ ಹುಡುಗನನ್ನು ಒಂಬತ್ತು ವರ್ಷವಾದರೂ ಬಿಟ್ಟಿರಲಿಲ್ಲ.

ಲಿಖಿತ ಆದೇಶ

ಮರುದಿನ ನಮ್ಮವರು ಆಫೀಸಿಗೆ ಹೊರಡುವ ಮುನ್ನ ಫ್ರಿಜ್ಜಿಗೆ ಚೀಟಿ ಅಂಟಿಸಿದರು: 'ಇನ್ನು ಬೇರೆ ಯಾವುದೂ ಬೇಡ. ಈ ನಾಯಿ ಸಾಕು.' ನಾನು ಗಮನಿಸದೆ ನನ್ನ ಆಫೀಸಿನ ಬಸ್ಸಿಗೆ ಓಡಿದೆ.

ಸಂಜೆ ಬಂದರೆ ಪುಟ್ಟ ಮನೆಯಲ್ಲೇ ಇದ್ದಾನೆ! ಅಂದು ನಮ್ಮವರೂ ಬೇಗ ಬಂದುಬಿಟ್ಟರು, ಅವನಿನ್ನೂ ಸ್ಟಾಪಿಗೆ ಹೊರಟಿರಲಿಲ್ಲ.

"ಮೇಡಂ ಬರಲಿಲ್ವಾ?" ಎಂದು ಮಗಳನ್ನು ಕೇಳಿದೆ.

"ಬಂದಿದ್ರು. ನಾನು ವಾಪಸ್ ಕಳಿಸ್ದೆ. ಪಾಪಾ ನೇ ಲಿಖಾ ಹೈ ನಾ, ಈ ನಾಯಿ ಸಾಕು. ಪಾಲ್ ಲೋ, ಸಾಕಿಕೊಳ್ಳಿ ಅಂತ!"

ದಿಲ್ಲಿಯಲ್ಲೇ ಬೆಳೆದ ನಮ್ಮ ಮಗಳನ್ನು ಕನ್ನಡ ಸಂಘದ ಭಾನುವಾರದ ತರಗತಿಗೆ ಎಳೆದುಕೊಂಡು ಹೋಗುತ್ತಿದ್ದವರು ಅವಳ ಅಪ್ಪನೇ. ಹಿಂದಿನ ವಾರವಷ್ಟೇ ಅಲ್ಲಿ 'ಸಾಕುಪ್ರಾಣಿಗಳು' ಪಾಠ ಆಗಿತ್ತು.

"ಅಯ್ಯೋ, ಸಾಕು ಅಂದ್ರೆ ಸಾಕೋದಲ್ಲ, ಸಾಕು, ಇದೇ ಕೊನೇದು ಅಂತ!" ಎಂದು ನಮ್ಮವರು ತಲೆ ಚಚ್ಚಿಕೊಂಡರು. "ಸಾಕೋದಾದ್ರೆ 'ಈ ನಾಯಿಯನ್ನು ಸಾಕು' ಅಂತ ಬರೀತಿದ್ದೆ. 'ಅನ್ನು' ಎಲ್ಲಿದೆ ಇಲ್ಲಿ?"

"ನೀವು ಊಟಕ್ಕೆ ಕೂತು 'ಅನ್ನ ಹಾಕು' ಅಂತೀರಿ. 'ಅನ್ನವನ್ನು ಹಾಕು' ಕೌನ್ ಬೋಲ್ತಾ ಹೈ, ಪಾಪಾ? ಮೇಡಂ ಕೂಡ ಚೀಟಿ ಎರಡು ಸಲ ಓದಿದ್ರು, ನಕ್ಕರು, 'ಸರಿಯಾಗೇ ಓದಿದ್ದೀಯ ಮರಿ' ಅಂದ್ರು."

ನಾನು ಗಂಟಲು ಸರಿ ಮಾಡಿಕೊಂಡೆ. "ಆದೇಶಕ್ಕೆ ಎರಡರ್ಥ ಬಂದ್ರೆ..."

"ಗೊತ್ತು, ಗೊತ್ತು" ಎನ್ನುತ್ತಾ ನಮ್ಮವರು ಮೇಡಂಗೆ ಹೇಳುತ್ತೇನೆಂದು ಫೋನ್ ಎತ್ತಿದರು. ಪುಟ್ಟ ಬಂದು ಅವರ ಪಾದದ ಮೇಲೆ ಗದ್ದ ಊರಿ ಮಲಗಿದ. ಅವರು ಸ್ವಲ್ಪ ಹೊತ್ತು ಹಾಗೇ ನಿಂತು ಫೋನ್ ಇಟ್ಟರು. "ಎಂಗೇಜ್ಡ್" ಎಂದರು. ನಂಬರು ಒತ್ತಿದ್ದನ್ನು ನಾನಂತೂ ನೋಡಲಿಲ್ಲ.

ಆ ರಾತ್ರಿ ಕಾಲೊರೆಸುವ ಮ್ಯಾಟಿನ ಮೇಲೆ ಅವರ ಹಳೇ ಸ್ವೆಟರ್ ಹಾಸಿತ್ತು. ನಾನು ಹಾಸಿದ್ದಲ್ಲ.

ಅಂದಿನಿಂದ ನಮ್ಮವರ ಬಾಯಲ್ಲಿ 'ಸಾಕು' ಎಂಬ ಮಾತೇ ಇಲ್ಲ. ಊಟಕ್ಕೆ ಕೂತಾಗ ನಾನು ಇನ್ನೊಂದು ಸೌಟು ಅನ್ನ ಬಡಿಸಲು ಹೋದರೆ ಕೈ ಅಡ್ಡ ಹಿಡಿದು ಹಿಂದಿಯಲ್ಲಿ "ಬಸ್, ಬಸ್!" ಅನ್ನುತ್ತಾರೆ.

ತಕ್ಷಣ ಪುಟ್ಟ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಾನೆ. ನಮ್ಮವರು ಕೈ ತೊಳೆದು, ಗೊಣಗುತ್ತಾ, ಚಪ್ಪಲಿ ಮೆಟ್ಟಿ, ಸ್ಟಾಪಿನ ತನಕ ಹೋಗಿ ಬರಲೇಬೇಕು.