ಒಂದೇ ಗುರಿಯ ಕಿತ್ತಳೆ ಮಂಡಿ

ಹತ್ತು ಜನರನ್ನು ಕಟ್ಟಿಕೊಂಡು ವ್ಯಾಪಾರ ಮಾಡುವವನಿಗೆ ನಗುವ ಪ್ರಸಂಗಗಳಿಗೆ ಬರ ಇರುವುದಿಲ್ಲ. ನಗುವುದು ಮಾತ್ರ ಯಾವಾಗಲೂ ಬೇರೆಯವರು. ಕೊಡಗು ತನ್ನದೇ ರಾಜ್ಯವಾಗಿದ್ದು, ಮಡಿಕೇರಿಯವರು ರಾಜಧಾನಿಯವರೆಂದು ತಲೆ ಎತ್ತಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ನನಗೆ ಅಲ್ಲೊಂದು ಕಿತ್ತಳೆ ಮಂಡಿ ಇತ್ತು. ಅಂಥ ಆಳುಗಳು ನನಗೆ ಆಮೇಲೆ ಸಿಗಲಿಲ್ಲ. ಅವರ ಕಥೆ ಹೇಳಿ ಜನರನ್ನು ನಗಿಸುತ್ತೇನೆ, ನಾನೂ ನಗುತ್ತೇನೆ. ಆದರೆ ಕಥೆ ಮುಗಿದ ಮೇಲೆ ಎದ್ದು ಹೊರಗೆ ಒಂದು ಸುತ್ತು ನಡೆದು ಬರುತ್ತೇನೆ.

ಗುರಿ ಇಟ್ಟದ್ದು

ಆ ವರ್ಷ ಘಟ್ಟದ ಕೆಳಗಿನ ತಲಶ್ಶೇರಿಯ ಒಬ್ಬ ದೊಡ್ಡ ವ್ಯಾಪಾರಿ ಹೇಳಿಕಳಿಸಿದ್ದರು: ಮೊದಲ ಕೆಲವು ಲೋಡು ಚೆನ್ನಾಗಿ ಬಂದರೆ ಇಡೀ ಸೀಸನ್ನಿನ ಹಣ್ಣು ನಿಮ್ಮಿಂದಲೇ. ಅದೊಂದು ಕುದುರಿದರೆ ನಾನು ಮಂಡಿಗಾರರ ಸಾಲಿನಲ್ಲಿ ಮೊದಲನೆಯವನು. ತಪ್ಪಿದರೆ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂಗುವವನು.

ಮೇಸ್ತ್ರಿ, ಡ್ರೈವರ್, ಬುಟ್ಟಿ ತುಂಬುವ ಹೆಂಗಸರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ನಾನು ಹೇಳಿದೆ: "ನಮಗೆ ಇನ್ನು ಮೇಲೆ ಒಂದೇ ಗುರಿ. ಒಂದು ಕೆಟ್ಟ ಹಣ್ಣೂ ತಲಶ್ಶೇರಿಯವರ ಕೈಗೆ ಹೋಗಬಾರದು."

ಹೆಂಗಸರಲ್ಲಿ ಹಿರಿಯಳಾದ ಅಜ್ಜಿ ಕೇಳಿದಳು, "ಮತ್ತೆ ಕೆಟ್ಟದ್ದು ಎಲ್ಲಿಗೆ ಹೋಗ್ಬೇಕು ಸಾಹುಕಾರ್ರೆ?"

"ಎಲ್ಲಿಗಾದರೂ ಹೋಗಲಿ!"

ಸಂಜೆ ಮನೆಗೆ ಹೋದರೆ ಜಗಲಿಯ ತುಂಬ ಜಜ್ಜಿದ ಕಿತ್ತಳೆ. ಮಾರನೆಯ ದಿನವೂ ಬಂತು. ಅನ್ನದ ಜೊತೆ ಕಿತ್ತಳೆ ಸಿಪ್ಪೆಯ ಗೊಜ್ಜು, ರೊಟ್ಟಿಯ ಜೊತೆಗೂ ಅದೇ ಗೊಜ್ಜು. ಮೂಗು ಮುರಿದರೆ ಹೆಂಡತಿ ಹೇಳಿದಳು, "ಗುರಿ ಇಡುವಾಗ ಆಚೆ ಕಡೆ ಮುಖ ಮಾಡಿ ಇಡಬೇಕಿತ್ತು."

ಭಾವನ ಭಾರ

ಡ್ರೈವರ್ ಮಲಯಾಳಿ, ನಾನು ಅವನಿಗೆ ಮೊದಲಾಳಿ, ಅಂದರೆ ಧಣಿ. ತಲಶ್ಶೇರಿ ದಾರಿಯ ಮಾಕುಟ್ಟದ ಇಳಿಜಾರಿನಲ್ಲಿ ಅವನು ಲಾರಿ ಇಳಿಸುವುದನ್ನು ನೋಡಿ ತೊಟ್ಟಿಲು ತೂಗುವವರು ಕಲಿಯಬೇಕು. ಆಗೆಲ್ಲ ಲೋಡಿನ ಮೇಲೆ ದಾರಿಯವರನ್ನು ಹತ್ತಿಸಿಕೊಳ್ಳುವುದು ರೂಢಿ. ಹಣ್ಣು ಜಜ್ಜುತ್ತದೆ, ಯಾರನ್ನೂ ಹತ್ತಿಸಬೇಡ ಎಂದು ನಾನು ಹೇಳಿದ್ದೆ.

ಒಂದು ದಿನ ವಿರಾಜಪೇಟೆಯಲ್ಲಿ ಲಾರಿಗೆ ಕೈ ಅಡ್ಡ ಹಿಡಿದವರು ನನ್ನ ಹೆಂಡತಿಯ ಅಣ್ಣ. ಬಾಳೆಲೆ ಎಂಬ ಊರಿನಲ್ಲಿ ಕಾಫಿ ತೋಟ, ತೋಟಕ್ಕೆ ತಕ್ಕ ಮೈಕಟ್ಟು. ಮಾಕುಟ್ಟದಲ್ಲಿ ಮರದ ವ್ಯವಹಾರ ಇತ್ತು, ಬಸ್ಸು ತಪ್ಪಿತ್ತು. ಮುಂದಿನ ಸೀಟಿನಲ್ಲಿ ಕೂರೋಣವೆಂದರೆ ಅಲ್ಲಿ ಆಗಲೇ ಎರಡು ಬುಟ್ಟಿ ಕೂತಿವೆ.

"ಬುಟ್ಟಿ ತೆಗೆದು ಮೇಲೆ ಹಾಕೋ."

"ಆಗೂದಿಲ್ಲ. ಅದು ಒಳ್ಳೆ ಹಣ್ಣು."

"ಹಾಗಾದ್ರೆ ನಾನೇ ಮೇಲೆ ಹತ್ತುತ್ತೇನೆ."

"ಆಗೂದೇ ಇಲ್ಲ. ಮೊದಲಾಳಿ ಹೇಳಿದ್ದಾರೆ."

"ನಾನು ಯಾರು ಗೊತ್ತಾ? ನಿನ್ನ ಮೊದಲಾಳಿಯ ಭಾವ!"

"ನನಗೆ ಗೊತ್ತುಂಟು," ಎಂದನಂತೆ ಡ್ರೈವರ್, ಗೇರು ಹಾಕುತ್ತಾ. "ಅದು ಹಣ್ಣಿಗೆ ಗೊತ್ತಾಗ್ಬೇಕಲ್ಲ?"

ಸಂಬಂಧದ ರುಚಿ

ಭಾವ ಮುನಿಸಿಕೊಂಡರು. ಭಾವ ಮುನಿದರೆ ಅವರ ತಂಗಿಯೂ ಮುನಿಯುತ್ತಾಳೆ. ಅವಳು ಇರುವುದು ನನ್ನ ಮನೆಯಲ್ಲಿ. ಸಮಾಧಾನಕ್ಕೆಂದು ಅವರ ಕಾಫಿ ತೋಟದ ಅಂಚಿನಲ್ಲಿದ್ದ ಕಿತ್ತಳೆಯನ್ನೆಲ್ಲ, ನೋಡದೆ, ನಾನೇ ತೆಗೆದುಕೊಂಡೆ.

ಲೋಡು ಮಂಡಿಗೆ ಬಂತು. ಸಿಪ್ಪೆ ಉಬ್ಬಿ ಒಳಗೆ ಪೊಳ್ಳು. ಮೇಸ್ತ್ರಿ ಒಂದನ್ನು ಸುಲಿದು ನನ್ನ ಕೈಗೇ ಕೊಟ್ಟ. ಬಾಯಿಗೆ ಹಾಕಿದ ಕೂಡಲೇ ನನ್ನ ಒಂದು ಕಣ್ಣು ತಾನಾಗಿ ಮುಚ್ಚಿತು.

"ಯಾರ ತೋಟದ್ದು ಸಾಹುಕಾರ್ರೆ?"

"ಸಂಬಂಧಿಕರದ್ದು."

"ಸಂಬಂಧಕ್ಕೆ ಅಡ್ಡಿ ಇಲ್ಲ. ಹಣ್ಣು ಆಗ್ಲಿಕ್ಕಿಲ್ಲ."

ಇದನ್ನು ಬುಟ್ಟಿಯ ತಳಕ್ಕೆ ಹಾಕಿ, ಮೇಲೆ ನಮ್ಮ ಹಣ್ಣು ಜೋಡಿಸಿ ಎಂದೆ. ಕಿತ್ತಳೆ ವ್ಯಾಪಾರದಲ್ಲಿ ಇದು ಹೊಸದೇನಲ್ಲ. ಮೇಸ್ತ್ರಿ ಹೇಳಿದ ಹಾಗೆ ಜೋಡಿಸಿದ. ಅಜ್ಜಿ ಮಾತ್ರ ಕೈ ಕಟ್ಟಿ ನಿಂತಳು. "ಗುರಿ ಬದಲಾದ್ರೆ ನಮಗೂ ಒಂದು ಮಾತು ಹೇಳ್ಬೇಕಲ್ಲಾ?"

"ಗುರಿ ಅದೇ ಅಜ್ಜಿ. ಈ ಒಂದು ಲೋಡಿಗೆ ಅದಕ್ಕೆ ರಜೆ."

"ಅದಕ್ಕೆ ರಜೆ, ನಮಗೆ ಕೆಲ್ಸವಾ?" ಎಂದಳು.

ತಲಶ್ಶೇರಿಯವರು ಬಂದದ್ದು

ಆ ಲೋಡು ಹೊರಡುವ ಮೊದಲೇ ತಲಶ್ಶೇರಿಯ ವ್ಯಾಪಾರಿ, ಮಾತು ಮುಗಿಸಿಬಿಡೋಣ ಎಂದು ತಾವೇ ಮಂಡಿಗೆ ಬಂದುಬಿಟ್ಟರು. ತಮ್ಮ ಹಣ್ಣಿನ ಯೋಗ ನೋಡಲು ಭಾವನೂ ಕೋಟು ಹಾಕಿಕೊಂಡು ಬಂದು ಕೂತಿದ್ದರು. ಕಾಫಿ ಕೊಟ್ಟೆ. ಮೇಲಿನ ಹಣ್ಣು ನೋಡಿ ವ್ಯಾಪಾರಿ ತಲೆದೂಗಿದರು. ಇಡೀ ಸೀಸನ್ನು ನನ್ನ ಜೇಬಿಗೆ ಬಿತ್ತು ಅನ್ನುವಷ್ಟರಲ್ಲಿ ಮೇಸ್ತ್ರಿ ಬಂದು, ಯಾರೂ ಕೇಳದೆಯೇ, ಬುಟ್ಟಿಯನ್ನು ಚಾಪೆಯ ಮೇಲೆ ಬೋರಲು ಹಾಕಿದ. ಬಾಳೆಲೆಯ ಹಣ್ಣೆಲ್ಲ ಮೇಲೆ.

"ಅಡಿಯದ್ದು ನಮ್ಮದಲ್ಲ," ಎಂದ. "ಅದು ಇವರದ್ದು," ಎಂದು ಭಾವನನ್ನೂ ತೋರಿಸಿದ.

ತಲಶ್ಶೇರಿಯವರು ಕೇಳಿದರು, "ಇದನ್ನು ತೋರಿಸು ಅಂತ ನಿನಗೆ ಯಾರು ಹೇಳಿದ್ದು?"

"ನಮ್ಮ ಸಾಹುಕಾರ್ರೇ. ಒಂದು ಕೆಟ್ಟ ಹಣ್ಣೂ ನಿಮ್ಮ ಕೈಗೆ ಬರಬಾರದು ಅಂತ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದಾರೆ." ಅವನ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಬೈಯಬಹುದಿತ್ತು.

ತಲಶ್ಶೇರಿಯವರು ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಸಾಹುಕಾರ್ರೆ, ಹಣ್ಣು ನನಗೆ ಎಲ್ಲಿ ಬೇಕಾದರೂ ಸಿಗುತ್ತದೆ. ವಿರಾಜಪೇಟೆಯಲ್ಲಿ ನನ್ನದೇ ಮಂಡಿ ತೆರೆಯಬೇಕೆಂದಿದ್ದೇನೆ. ಈ ಮೇಸ್ತ್ರಿಯನ್ನು ನನಗೆ ಬಿಟ್ಟುಕೊಡಿ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮರುವಾರ ಅವನು ಹೊರಟ. ಹಿಂದೆಯೇ ಡ್ರೈವರ್, ಅವನ ಹಿಂದೆ ಹೆಂಗಸರು. ಅಜ್ಜಿ ಹೊರಡುವಾಗ ನನಗೇ ಧೈರ್ಯ ಹೇಳಿದಳು: "ಬೇಜಾರು ಮಾಡ್ಬೇಡಿ. ಗುರಿ ನೀವು ಹೇಳಿದ್ದೇ, ಮಂಡಿ ಮಾತ್ರ ಬೇರೆ."

ಅಂಗಳ ಗುಡಿಸಿಟ್ಟ ಹಾಗೆ ಖಾಲಿ. ಆಮೇಲೆ ಬಂದ ಆಳುಗಳಿಗೆ ನಾನು ಕೆಲಸ ಹೇಳಿದೆ, ಅವರು ಅಷ್ಟನ್ನು ಮಾಡಿದರು. ಗುರಿ ಹೇಳುವ ಮನಸ್ಸು ಮತ್ತೆ ಬರಲಿಲ್ಲ. ಅವತ್ತು ಒಂದೇ ಒಂದು ಮಾತು, "ಇರಪ್ಪಾ" ಅಂದಿದ್ದರೆ ಮೇಸ್ತ್ರಿ ಉಳಿಯುತ್ತಿದ್ದ ಎಂದು ಈಗಲೂ ಅನ್ನಿಸುತ್ತದೆ.

ಅವರೆಲ್ಲ ಹೋದ ದಿನ ಅಂಗಳದ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಭಾವ ಬಂದು ಪಕ್ಕದಲ್ಲಿ ಕೂತರು. ನನ್ನ ಬೆನ್ನು ತಟ್ಟಿ ಹೇಳಿದರು:

"ಹೋಗ್ಲಿ ಬಿಡಿ ಭಾವ. ದೇವರು ದೊಡ್ಡವನು, ನನ್ನ ಹಣ್ಣಾದರೂ ನಿಮಗೆ ಉಳೀತಲ್ಲ!"