ಸೋಲೂ ಪಾಪವೂ

ನನ್ನ ದೊಡ್ಡಮ್ಮನ ಮಗಳು ಐದು ನಿಮಿಷ ಒಂದೇ ಕಡೆ ಕೂತದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ! ಊಟಕ್ಕೆ ಕೂರಿಸಿದರೆ ಬಟ್ಟಲಿನ ಮೇಲೆ ತಾಳ, ಮಾತಾಡಿಸಿದರೆ ಮೊಣಕಾಲಿನ ಮೇಲೆ ತಾಳ, ಸುಮ್ಮನಿರು ಅಂದರೆ ನನ್ನ ಬೆನ್ನಿನ ಮೇಲೆ ತಾಳ. ಇಂಥವಳು ಈಗ ಗಾಯಕಿ. ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡಿದ ನಾಲ್ಕು ಹಾಡುಗಳು ಮೊನ್ನೆ ಮೊನ್ನೆ ಮೊಬೈಲಿನಲ್ಲಿ ಬಿಡುಗಡೆಯಾಗಿವೆ. ಕೇಳಿದವರು ಚೆನ್ನಾಗಿದೆ ಎನ್ನುತ್ತಾರೆ. ಸಂಬಂಧಿಕರು ಮಾತ್ರ ಇದು ಯಾವ ನಮೂನೆಯ ಹಾಡು ಎಂದು ಕೇಳುತ್ತಾರೆ.

ಉರ್ವದ ದೊಡ್ಡಮ್ಮನ ಮನೆಗೆ ಬಂದ ನೆಂಟರೊಬ್ಬರು ಹಾಗೆ ಕೇಳಿದಾಗ ನಾನೂ ಅಲ್ಲಿದ್ದೆ.

"ಸೋಲ್ ಪಾಪ್" ಎಂದಳು ಇವಳು.

ದೊಡ್ಡಮ್ಮ ದೋಸೆ ಸಟ್ಟುಗ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದರು. "ಎಂತ? ಸೋಲೂ ಪಾಪವೂ? ಅರ್ಚಕರ ಮನೆಯ ಹುಡುಗಿ ನೀನು. ಒಂದು ಗೆಲುವು, ಒಂದು ಪುಣ್ಯ ಅಂತ ಹಾಡ್ಲಿಕ್ಕೆ ಆಗುದಿಲ್ವಾ ಮಾರಾಯ್ತಿ?"

"ಅಯ್ಯೋ ಅಮ್ಮ, ಸೋಲ್ ಅಂದ್ರೆ ಆತ್ಮ."

"ಆತ್ಮವಾ! ಅದು ಇನ್ನೂ ಪೊರ್ಲಾಯ್ತು, ಭಾರೀ ಚಂದ ಆಯ್ತು! ದೀಪ ಹಚ್ಚುವ ಹೊತ್ತಿಗೆ ಮನೆಗೆ ಆತ್ಮ ಕರೀತಾಳೆ!"

ನನಗೆ ಅರ್ಥವಾದ ಮಟ್ಟಿಗೆ ಹೇಳುವುದಾದರೆ, ಭಜನೆಯ ಹಾಗೆಯೇ ಹೊಟ್ಟೆಯಿಂದ ಕೂಗಿ ಕರೆಯುವ ಹಾಡು ಇದು. ದೇವರ ಬದಲು ಮನುಷ್ಯರನ್ನು ಕರೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಅವಳ ಸಂಗೀತಾಭ್ಯಾಸ ಶುರುವಾದದ್ದು ಜಾಗಟೆಯಲ್ಲಿ. ಆಗ ದೊಡ್ಡಪ್ಪ ಇದ್ದರು, ಸಣ್ಣ ದೇವಸ್ಥಾನವೊಂದರ ಅರ್ಚಕರಾಗಿದ್ದರು. ಮಂಗಳಾರತಿಗೆ ಜಾಗಟೆ ಬಡಿಯುವ ಕೆಲಸ ಮಗಳದ್ದು. ಸುಮ್ಮನೆ ಢಣ್ ಢಣ್ ಎಂದರೆ ಇವಳಿಗೆ ಸಾಕೇ? ನಡುವೆ ಎರಡು ಪೆಟ್ಟು ನುಂಗಿ, ಮೂರು ಪೆಟ್ಟು ಸೇರಿಸಿ ಏನೇನೋ ಮಾಡುತ್ತಿದ್ದಳು. ಒಂದು ದಿನ ದೊಡ್ಡಪ್ಪ ಆರತಿ ಹಿಡಿದು ತಿರುಗಿದರೆ, ಎದುರಿಗೆ ನಿಂತ ಭಕ್ತರೆಲ್ಲ ಕೈ ಮುಗಿದುಕೊಂಡೇ ಸೊಂಟ ಆಡಿಸುತ್ತಿದ್ದಾರೆ! "ಮಗಾ, ದೇವರಾದ್ರೂ ನಿಂತಲ್ಲೇ ಇರ್ಲಿ, ಅವರನ್ನು ಕುಣಿಸ್ಬೇಡ" ಎಂದರಂತೆ ದೊಡ್ಡಪ್ಪ. ಆಮೇಲೆ ಹಂಚುವಾಗಲೂ ನಗು ತಡೆಯಲಾಗದೆ ಅವರ ಕೈಯ ತೀರ್ಥ ಅರ್ಧಕ್ಕರ್ಧ ನೆಲಕ್ಕೆ ಚೆಲ್ಲಿತಂತೆ.

ಆಮೇಲೆ ಶಾಸ್ತ್ರೀಯ ಸಂಗೀತಕ್ಕೆ ಸೇರಿಸಿದರು. ಮೂರೇ ತಿಂಗಳಲ್ಲಿ ಟೀಚರ್ ಕೈ ಮುಗಿದರು. "ಸ್ವರ ಅಂದ್ರೆ ಏಳು ಸ್ಟಾಪ್ ಉಂಟು. ನಿಮ್ಮ ಮಗಳು ಸ್ಟಾಪ್ ಬರುವ ಮೊದ್ಲೇ ಹಾರ್ತಾಳೆ, ಇಲ್ಲವಾದ್ರೆ ದಾಟಿ ಹೋಗಿ ಇಳೀತಾಳೆ!" ಈ ಮಾತು ಅಕ್ಷರಶಃ ನಿಜ. ಪಡೀಲಿನ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ವಾರದಲ್ಲಿ ಮೂರು ದಿನ ಪಡೀಲ್ ದಾಟಿ ಎಲ್ಲೋ ಹೋಗಿ ಇಳಿಯುತ್ತಿದ್ದಳು. ಕೇಳಿದರೆ, "ಬಸ್ಸಿನ ಇಂಜಿನ್ ಒಳ್ಳೇ ಶ್ರುತಿಯಲ್ಲಿ ಇತ್ತು ಅಕ್ಕ. ಇಳಿದ್ರೆ ಹಾಡು ಹೋಗ್ತಿತ್ತು" ಎಂಬ ಉತ್ತರ. ಹಾಡು ಉಳಿಯಿತು, ಕೆಲಸ ಹೋಯಿತು.

ರೆಕಾರ್ಡಿಂಗ್ ನಡೆದದ್ದು ಎಲ್ಲಿ ಗೊತ್ತೇ? ಶಕ್ತಿನಗರದ ನನ್ನ ಮನೆಯ ಬಟ್ಟೆಯ ಕಪಾಟಿನೊಳಗೆ! ಸೀರೆಗಳ ನಡುವೆ ಕೂತು ಹಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುವುದಿಲ್ಲವಂತೆ. ನನ್ನ ಗಂಡ ಪಾಪ, ಆಫೀಸಿಗೆ ಹೊರಡುವ ಅವಸರದಲ್ಲಿ ಶರಟಿಗೆಂದು ಕಪಾಟು ತೆರೆದರೆ, ಒಳಗಿಂದ "ಶ್ಶ್! ಭಾವ, ಬಾಗಿಲು ಹಾಕಿ!" ಅವರು ಹಾಕಿದರು, ಬನಿಯನ್ನಿನಲ್ಲೇ ಅರ್ಧ ಗಂಟೆ ಕಾದರು. ಇಷ್ಟೆಲ್ಲ ಮಾಡಿದರೂ ಎರಡನೇ ಹಾಡಿನ ನಡುವೆ ಸ್ಕೂಟರಿನಲ್ಲಿ ಬರುವ ಮೀನಿನವನ ಹಾರ್ನ್ ಸೇರಿಕೊಂಡಿದೆ. ಅಳಿಸು ಎಂದರೆ, "ಬೇಡ ಅಕ್ಕ, ಅದು ಸರಿಯಾದ ಸ್ವರಕ್ಕೇ ಬಿದ್ದಿದೆ" ಎಂದಳು. ಅರ್ಚಕರ ಮನೆಯ ಹಾಡಿನಲ್ಲಿ ಮೀನಿನವನ ಪಕ್ಕವಾದ್ಯ!

ದೊಡ್ಡಮ್ಮ ಇದನ್ನೂ ಸಹಿಸಿಕೊಂಡರು. ಸಹಿಸದೆ ಹೋದದ್ದು ನಾಲ್ಕನೇ ಹಾಡಿನ ಒಂದು ಶಬ್ದವನ್ನು.

ನಮ್ಮ ತುಳು ಮನೆಗಳಲ್ಲಿ ಹೊರಡುವವರು 'ಪೋಪೆ', ಅಂದರೆ ಹೋಗುತ್ತೇನೆ, ಎನ್ನುವ ಪದ್ಧತಿಯೇ ಇಲ್ಲ. 'ಬರ್ಪೆ', ಬರುತ್ತೇನೆ ಎಂದೇ ಹೇಳಬೇಕು. ಪಕ್ಕದ ಅಂಗಡಿಗೆ ಉಪ್ಪಿಗೆ ಹೊರಟವರೂ ಬರ್ಪೆ, ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಮುನಿಸಿಕೊಂಡು ಹೊರಟ ಅಳಿಯನೂ ಬರ್ಪೆ! ಈ ಮಹಾರಾಯ್ತಿಯ ಹಾಡಿನ ಪಲ್ಲವಿಯೇ 'ಪೋಪೆ, ಪೋಪೆ'.

"ಒಂದು ಸಲ ಹೇಳಿದ್ರೇ ಅಪಶಕುನ, ನೀನು ಹದಿನಾರು ಸಲ ಹೇಳಿದ್ದಿ! ಬರ್ಪೆ ಅಂತ ಮಾಡು. ತಾಳಕ್ಕೂ ಸರಿ ಕೂರ್ತದೆ" ಎಂದರು ದೊಡ್ಡಮ್ಮ.

"ಕಂಡಕ್ಟರ್ ದಿನಕ್ಕೆ ನೂರು ಸಲ 'ರೈಟ್ ಪೋಯಿ' ಅಂತಾನೆ. ಬಸ್ಸಿಗೆ ಎಂತ ಆಯ್ತು?"

"ಬಸ್ಸು ವಾಪಸ್ ಬರ್ತದೆ" ಎಂದರು ದೊಡ್ಡಮ್ಮ. "ಆ ಶಬ್ದ ಇದ್ರೆ ನಾನು ನಿನ್ನ ಪ್ರೋಗ್ರಾಮಿಗೆ ಬರುದಿಲ್ಲ."

ಪ್ರೋಗ್ರಾಮು ಎಂದರೆ ಅವಳ ಮೊದಲನೆಯದು. ತನ್ನ ಹಾಡುಗಳನ್ನು ಜನರೆದುರು ನಿಂತು ಹಾಡುವ ಮೊದಲ ಸಂಜೆ. ಊರು ಬರದಿದ್ದರೂ ಅವಳಿಗೆ ಚಿಂತೆಯಿರಲಿಲ್ಲ, ಅಮ್ಮ ಬರಬೇಕಿತ್ತು. ವಾರಕ್ಕೊಂದು ಕೂದಲಿನ ಬಣ್ಣ, ತಿಂಗಳಿಗೊಂದು ಚಪ್ಪಲಿ ಬದಲಾಯಿಸುವವಳಿಗೆ ಒಂದು ಶಬ್ದ ಬದಲಾಯಿಸಲು ಏನು ಕಷ್ಟ? ಸಂಧಾನಕ್ಕೆ ನಾನೇ ಹೊರಟೆ.

ನನ್ನ ಅಡುಗೆಮನೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದವಳನ್ನು ಹಿಡಿದು ನಿಲ್ಲಿಸಿದೆ. "ಎಂತ ಹಟ ಮಾರಾಯ್ತಿ ನಿನ್ನದು? ಅಮ್ಮನಿಗಿಂತ ಆ ಶಬ್ದ ದೊಡ್ಡದಾ?"

ಅವಳು ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪ ಬಚ್ಚಲಿಗೆ ಹೋಗುವಾಗ್ಲೂ ಬರ್ಪೆ ಅಂತಿದ್ರು, ಅಲ್ವಾ ಅಕ್ಕ? ಆಸ್ಪತ್ರೆಗೆ ಕರ್ಕೊಂಡು ಹೋದ ದಿನ ಕಾರಿನಲ್ಲಿ ನನ್ನ ಕೈ ಹಿಡಿದು 'ಪೋಪೆ ಮಗಾ' ಅಂದ್ರು. ನಾನು ಜಗಳ ಮಾಡಿದೆ, ಬರ್ಪೆ ಅಂತ ಹೇಳಿ ಅಪ್ಪ, ಬರ್ಪೆ ಅಂತ ಹೇಳಿ ಅಂತ. ಅವರು ನಕ್ಕು ಸುಮ್ಮನಾದ್ರು. ಅಪ್ಪ ಕೊನೆಗೆ ಹೇಳಿದ್ದನ್ನು ನಾನು ಹೇಗೆ ಬದಲಾಯಿಸ್ಲಿ? ಅಮ್ಮನಿಗೆ ಹೇಳ್ಬೇಡ ಅಕ್ಕ. ತಡ್ಕೊಳ್ಳುದಿಲ್ಲ ಅವರು."

ದೊಡ್ಡಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಹೇಳುವುದಿಲ್ಲ ಎಂದೆ. ಅವಳಿಗೆ ಕೊಟ್ಟ ಮಾತಿನಂತೆ ಬಾಯಿ ಮುಚ್ಚಿಕೊಂಡು ಉರ್ವಕ್ಕೆ ಹೋದೆ, ದೊಡ್ಡಮ್ಮನ ಕೈಕಾಲು ಹಿಡಿದೆ. ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುವುದು, ಆ ಶಬ್ದ ಬಂದ ಕೂಡಲೇ ಎದ್ದು ಮನೆಗೆ ನಡೆಯುವುದು ಎಂಬ ಕರಾರಿನ ಮೇಲೆ ಅವರು ಹೊರಟರು.

ಮೂರು ಹಾಡು ಮುಗಿಯಿತು. ದೊಡ್ಡಮ್ಮ ಚೀಲವನ್ನು ಮಡಿಲಿನಿಂದ ಇಳಿಸಲೇ ಇಲ್ಲ. ನಾಲ್ಕನೆಯದು ಶುರುವಾಯಿತು. ಅವಳು ಕಣ್ಣು ಮುಚ್ಚಿಕೊಂಡು 'ಪೋಪೆ' ಎಂದಳು. ನಾನು ದೊಡ್ಡಮ್ಮನ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಏಳಲಿಲ್ಲ. ಎರಡನೇ ಸಲ ಬಂತು, ಮೂರನೇ ಸಲ ಬಂತು. ಆಗ ದೊಡ್ಡಮ್ಮ ನನ್ನ ಕಿವಿಯ ಹತ್ತಿರ ಬಾಗಿದರು.

"ನನ್ನ ಹತ್ರವೂ ಹೀಗೇ ಹೇಳಿದ್ದು ಅವರು. ಆ ದಿನ ಬೆಳಿಗ್ಗೆ ಕಾಫಿ ಕೊಡುವಾಗ. ಇವಳಿಗೆ ಗೊತ್ತಾದ್ರೆ ತಡ್ಕೊಳ್ಳುದಿಲ್ಲ ಅಂತ ನಾನು ಇಷ್ಟು ವರ್ಷ ಬಾಯಿ ಬಿಡ್ಲಿಲ್ಲ. ಇವಳ ಹತ್ರವೂ ಹೇಳಿದ್ರಾ?"

ನಾನು ಹೌದೆಂದು ತಲೆಯಾಡಿಸಿದೆ. ಒಂದೇ ಮಾತನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡು, ಮೂರು ವರ್ಷ ಒಂದೇ ಮನೆಯಲ್ಲಿ ಬದುಕಿದ ಆ ತಾಯಿ ಮಗಳನ್ನು ನೆನೆದು ನನಗೆ ಅಳು ತಡೆಯಲಾಗಲಿಲ್ಲ. ಹಾಡು ಮುಗಿಯುವಷ್ಟು ಹೊತ್ತೂ ದೊಡ್ಡಮ್ಮ ಕಾಯಲಿಲ್ಲ. ಎದ್ದರು, ಚೀಲವನ್ನು ನನ್ನ ಮಡಿಲಿಗೆ ಹಾಕಿದರು, ಕೂತವರ ಕಾಲು ತುಳಿಯುತ್ತ, ಎಲ್ಲರೂ ನೋಡುತ್ತಿರುವಂತೆಯೇ ವೇದಿಕೆಯ ಕಡೆಗೆ ನಡೆದುಬಿಟ್ಟರು.